ನೀಲಗಂಗವ್ವ ಹೇಳಿದ ಹೆಸರು

ಪೌರತ್ವದ ಪರೀಕ್ಷೆಯಲ್ಲಿ ತಾನು ಕೊಟ್ಟ ಉತ್ತರ ತಪ್ಪೆಂದು ನೀಲಗಂಗವ್ವ ಇವತ್ತಿಗೂ ಒಪ್ಪುವುದಿಲ್ಲ. ಅಮೆರಿಕದ ರಾಲಿಯ ಕನ್ನಡದವರ ಮನೆಗಳಲ್ಲಿ ಪೂಜೆಗೋ ಹುಟ್ಟುಹಬ್ಬಕ್ಕೋ ಜನ ಸೇರಿದಾಗ ಯಾರಾದರೂ ಆ ಮಾತು ಎತ್ತಿಯೇ ಎತ್ತುತ್ತಾರೆ. ಎಲ್ಲರೂ ನಗುತ್ತಾರೆ, ಆಕೆಯೂ ನಗುತ್ತಾಳೆ. ನಕ್ಕು ಮುಗಿಸಿ, ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು, "ನಗ್ರಿ, ನಗ್ರಿ. ಬೇಕಾದ್ರ ಫೇಲ್ ಆದ್ಲು ಅನ್ರಿ. ತಪ್ಪು ಹೇಳಿದ್ಲು ಅಂತ ಮಾತ್ರ ಅನಬ್ಯಾಡ್ರಿ" ಎನ್ನುತ್ತಾಳೆ.

ಆಕೆ ಗದಗ ಸೀಮೆಯವಳು. ಶಾಲೆ ಕಂಡದ್ದು ಮೂರನೆಯ ಇಯತ್ತೆಯವರೆಗೆ. ಆಮೇಲೆ ಅಕ್ಕ ಶಾಂತವ್ವನ ಜೊತೆ ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಗಂಡ ಈರಣ್ಣ ಗದಗಿನ ಹತ್ತಿ ಜಿನ್ನಿನಲ್ಲಿ ಫಿಟ್ಟರ್. ಒಬ್ಬಳೇ ಮಗಳು ಸ್ಮಿತಾ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಜೊತೆಗೆ ಓದಿದ ಶಶಿಕಾಂತನನ್ನೇ ಮದುವೆಯಾಗಿ ಅಮೆರಿಕಕ್ಕೆ ಬಂದಳು. ಈರಣ್ಣ ತೀರಿಕೊಂಡ ಮೇಲೆ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಳು. ಅದು ಎರಡು ಸಾವಿರದ ಒಂಬತ್ತನೆಯ ಇಸವಿ.

ಆಗ ಅವರಿದ್ದದ್ದು ನಾರ್ತ್ ಕ್ಯಾರೊಲಿನಾದ ತೆಂಕಣ ಅಂಚಿನಲ್ಲಿರುವ ಲಂಬರ್ಟನ್ ಎಂಬ ಸಣ್ಣ ಊರಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ವಿಮಾನ ಇಳಿದು ಬರುವಾಗ ರಸ್ತೆಯ ಎರಡೂ ಬದಿ ಬೆಳ್ಳಗೆ ಹತ್ತಿ ಒಡೆದು ನಿಂತಿತ್ತು. ನೀಲಗಂಗವ್ವ ಗಾಡಿ ನಿಲ್ಲಿಸಿ ಇಳಿದಳು. ಒಂದು ಕಾಯಿ ಹಿಡಿದು ಅದರ ಚೂಪು ಸಿಪ್ಪೆ ಬೆರಳಿಗೆ ಒತ್ತಿ ನೋಡಿದಳು. "ಅಮೆರಿಕಾ ಅಮೆರಿಕಾ ಅಂತ ಇಷ್ಟ ದೂರ ಕರಕೊಂಡ ಬಂದು, ಮತ್ತ ಹತ್ತಿ ಹೊಲಕ್ಕ ತಂದು ನಿಲ್ಲಿಸೀದಿ ಅಲ್ಲ ನನ್ನ" ಎಂದು ಮಗಳನ್ನು ಛೇಡಿಸಿದಳು.

ಹನ್ನೊಂದು ವರ್ಷ ಹಾಗೇ ಕಳೆಯಿತು. ಮನೆ, ಅಡುಗೆ, ಸಂಜೆಗೆ ಗದಗಿನ ಫೋನು. ಊರಿನವರ ಗುರುತು ಹತ್ತಲಿಲ್ಲ. ಹಾದಿಯಲ್ಲಿ ಸಿಕ್ಕವರು ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು.

ಎರಡು ಸಾವಿರದ ಇಪ್ಪತ್ತರಲ್ಲಿ ಕೊರೊನಾ ಬಂತು. ಶಶಿಕಾಂತ ಎದೆರೋಗದ ಡಾಕ್ಟರು. ದಿನಾ ಆ ರೋಗದ ನಡುವೆಯೇ ಅವನ ಕೆಲಸ. ಸ್ಮಿತಾಳದೂ ಅಷ್ಟೆ. ನೀಲಗಂಗವ್ವನಿಗೆ ಮೊದಲಿನಿಂದಲೂ ಉಬ್ಬಸ. ತಾವೇ ಮನೆಗೆ ರೋಗ ಹೊತ್ತು ತಂದರೆ ಏನು ಗತಿ ಎಂದು ಇಬ್ಬರಿಗೂ ನಿದ್ದೆ ಹತ್ತಲಿಲ್ಲ. ಆಗ ಶಶಿಕಾಂತನ ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿ ಕೂತು ರೋಗಿಗಳನ್ನು ಕರೆಯುತ್ತಿದ್ದ ವರ್ನೆಲ್ ಆಕ್ಸೆಂಡೈನ್ ಎಂಬ ಹೆಂಗಸು ಹೇಳಿದಳು: "ನನ್ನ ಅವ್ವ ಇದ್ದ ಸಣ್ಣ ಮನಿ ನಮ್ಮ ಹಿತ್ತಲದಾಗ ಖಾಲಿ ಐತಿ. ನಿಮ್ಮ ಅತ್ತೀನ ತಂದು ಅಲ್ಲಿ ಇಡ್ರಲ್ಲ ಡಾಕ್ಟರ್."

ವರ್ನೆಲ್ ಲಂಬೀ ಎಂಬ ಬುಡಕಟ್ಟಿನವಳು. ಲಂಬರ್ಟನ್ ಸುತ್ತಿನ ಹಳ್ಳಿಗಳಲ್ಲಿ, ಚಹಾದ ಬಣ್ಣದ ನೀರು ಹರಿಯುವ ಒಂದು ನದಿಯ ಆಚೀಚೆ, ಆ ಜನ ಸಾವಿರ ಸಾವಿರ ಸಂಖ್ಯೆಯಲ್ಲಿದ್ದಾರೆ. ಬಿಳಿಯರು ಬರುವುದಕ್ಕೆ ಮೊದಲಿನಿಂದ ಇದ್ದವರು. ಆಕೆ ಆಡುವುದು ಆ ಕಡೆಯ ಎಳೆದೆಳೆದು ಆಡುವ ಇಂಗ್ಲಿಷು. ನೀಲಗಂಗವ್ವನಿಗೆ ಬರುತ್ತಿದ್ದುದು ನಾಲ್ಕಾರು ಮಾತು. ಆದರೂ ಕೇಳುತ್ತ ಕೇಳುತ್ತ ವರ್ನೆಲಳ ಮಾತು ಅವಳ ಕಿವಿಗೆ ಗದಗಿನ ಮಾತಾಗಿಯೇ ಬೀಳತೊಡಗಿತು. ಇಲ್ಲಿ ಬರೆದಿರುವುದೂ ಹಾಗೆ ಬಿದ್ದ ಮಾತೇ.

ಸ್ಮಿತಾ ತಾಯಿಯನ್ನು ಬಿಡಲು ಹೋದ ದಿನ ವರ್ನೆಲ್ ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂರದಲ್ಲಿ ನಿಂತಿದ್ದಳು. ಹೇಗಿದ್ದೀರಿ ಎನ್ನಲಿಲ್ಲ. "ನಿಮ್ಮ ಮಂದಿ ಯಾರು?" ಎಂದು ಕೇಳಿದಳು. ಲಂಬೀ ಮಂದಿ ಹೊಸಬರನ್ನು ಮೊದಲು ಕೇಳುವುದು ಅದನ್ನೇ.

ಸ್ಮಿತಾ ಕನ್ನಡದಲ್ಲಿ ಹೇಳಿದ್ದೇ ತಡ, ನೀಲಗಂಗವ್ವನ ಮುಖ ಅರಳಿತು. "ಅಯ್ಯ ಯವ್ವಾ, ಹನ್ನೊಂದ ವರ್ಷದಾಗ ಇದನ್ನ ಕೇಳಿದಾಕಿ ಇಕಿ ಒಬ್ಬಾಕೀನ ನೋಡು!" ಎಂದು ತನ್ನ ತವರು, ತಾಯಿಯ ತವರು, ಗಂಡನ ಮನೆತನ, ಅವರ ಗುರುಮಠ ಎಲ್ಲವನ್ನೂ ಹೇಳಿದಳು. ವರ್ನೆಲ್ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡು, ಆಮೇಲೆ ತನ್ನದನ್ನು ಹೇಳಿದಳು. ಅದೂ ಅಷ್ಟೇ ಉದ್ದ. ನಡುವೆ ನಿಂತು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಅಜ್ಜ ಮುತ್ತಜ್ಜಂದಿರನ್ನು ದಾಟಿಸಿ ದಾಟಿಸಿ ಸ್ಮಿತಾಳಿಗೆ ಡ್ಯೂಟಿಗೆ ತಡವಾಯಿತು.

ಅವತ್ತಿನಿಂದ ವರ್ನೆಲ್ ಈಕೆಗೆ ವರ್ನೆಲವ್ವ ಆದಳು. ಈಕೆ ಅವಳಿಗೆ ಮಿಸ್ ನೀಲಾ.

ವರ್ನೆಲವ್ವ ದಿನವೂ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ, ಎಣ್ಣೆಯಲ್ಲಿ ಕರಿದದ್ದು. ಎರಡು ರೊಟ್ಟಿಯ ನಡುವೆ ಮೆತ್ತಗೆ ಬೇಯಿಸಿದ ಕಾಲರ್ಡ್ ಸೊಪ್ಪು. ಅವರ ಮನೆಯಲ್ಲಿ ಹಂದಿಯ ಕೊಬ್ಬಿಲ್ಲದೆ ಆ ಸೊಪ್ಪನ್ನು ಯಾರೂ ಬೇಯಿಸಿದ್ದಿಲ್ಲ. ನೀಲಗಂಗವ್ವ ಲಿಂಗಾಯತರ ಹೆಣ್ಣುಮಗಳು, ಅದೆಲ್ಲ ಮುಟ್ಟುವುದಿಲ್ಲವೆಂದು ತಿಳಿದ ಕೂಡಲೇ ಆಕೆ ಬೇರೆ ಬಾಣಲೆ ತಂದು, ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿದಳು. ಆ ಬಾಣಲೆಯಲ್ಲಿ ಮಾಂಸ ಬೇಯಿಸಕೂಡದೆಂದು ಮನೆಗೆಲ್ಲ ಅಪ್ಪಣೆ. ವರ್ನೆಲವ್ವನ ತಮ್ಮ ಒಮ್ಮೆ ಅದರಲ್ಲಿನ ಸೊಪ್ಪು ತಿಂದು, "ಈ ಬಡ ಸೊಪ್ಪಿಗೆ ಯಾರ ಶಾಪಾ ತಟ್ಟೇತಿ?" ಎಂದು ಕೇಳಿದನಂತೆ.

ಚಳಿಗಾಲದಲ್ಲಿ, ಎಷ್ಟು ಜೋಪಾನ ಮಾಡಿದರೂ, ನೀಲಗಂಗವ್ವನಿಗೆ ರೋಗ ಬಂದೇಬಿಟ್ಟಿತು. ಆಸ್ಪತ್ರೆಯಲ್ಲಿ ಮಂಚವಿಲ್ಲ. ಶಶಿಕಾಂತ ಮೈಯೆಲ್ಲ ಪ್ಲಾಸ್ಟಿಕ್ ಸುತ್ತಿಕೊಂಡು ಬಂದು ಆಕ್ಸಿಜನ್ ಹಚ್ಚಿ, ಔಷಧ ಕೊಟ್ಟು, ಒಳಗೆ ಯಾರೂ ಬರಬಾರದೆಂದು ಹೇಳಿದ. ವರ್ನೆಲವ್ವ ಬಿಸಿನೀರಿನ ಪಾತ್ರೆ ಹಿಡಿದು ಅವನ ಎದುರೇ ಒಳಗೆ ಬಂದಳು.

"ಕ್ಲಿನಿಕ್ಕಿನಾಗ ನೀವು ನನಗ ಬಾಸ್ ಇರ್ರಿ ಡಾಕ್ಟರ್. ಇದು ನನ್ನ ಅವ್ವನ ಮನಿ" ಎಂದಳು.

ಜ್ವರ ಬಿಡುವತನಕ ಮೈ ಒರೆಸಿದಳು, ಗಂಜಿ ಕುಡಿಸಿದಳು, ಹೆರಳು ಬಿಚ್ಚಿ ಮತ್ತೆ ಹಾಕಿದಳು. ದೇವರ ದಯೆ, ಅವಳಿಗೆ ರೋಗ ಹತ್ತಲಿಲ್ಲ. ನೀಲಗಂಗವ್ವ ಎದ್ದು ಕೂತಳು. ತನ್ನ ಜೀವ ಉಳಿದದ್ದು ಅಳಿಯನ ಔಷಧದಿಂದ ಅರ್ಧ, ಈಕೆಯ ಕೈಯಿಂದ ಅರ್ಧ ಎಂದು ಅವಳು ಹೇಳದ ದಿನವಿಲ್ಲ.

ಎದ್ದ ಮೇಲೆ ಇಬ್ಬರೂ ವರಾಂಡದಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ಲಂಬೀ ಹೆಂಗಸರೂ ಹಳೆ ಬಟ್ಟೆಯ ಚೂರು ಮಡಚಿ, ದೇವದಾರಿನ ಕಾಯಿಯ ಹಾಗೆ ಸುತ್ತು ಸುತ್ತಾಗಿ ಇಟ್ಟು ಹೊಲಿಯುತ್ತಾರೆ. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ನೀಲಗಂಗವ್ವ ತವರಿನ ರೂಢಿಯಂತೆ ಒಂದು ಚೂರು ರೊಟ್ಟಿ ಒಳಗಿಟ್ಟಳು.

"ಅದ್ಯಾಕ?" ಎಂದಳು ವರ್ನೆಲವ್ವ.

"ಹಸದ ಕೌದಿ ಹೊದಿಬಾರದು. ಅದರ ಹೊಟ್ಟಿ ತುಂಬಿರಬೇಕು" ಎಂದು ನೀಲಗಂಗವ್ವ ಕೈಸನ್ನೆಯಲ್ಲಿ ಹೇಳಿದಳು.

ವರ್ನೆಲವ್ವ ಒಳಗೆ ಹೋಗಿ ತನ್ನ ಜೋಳದ ರೊಟ್ಟಿಯ ಚೂರು ತಂದು ಪಕ್ಕದಲ್ಲಿಟ್ಟಳು. "ಒಂದರಿಂದ ಏನಾಗತೈತಿ? ನಮ್ಮ ಕಡೆ ಹೊಟ್ಟಿ ದೊಡ್ಡುವು."

ಹೀಗೆ ಸೂಜಿ ನಡೆಯುವಾಗ ವರ್ನೆಲವ್ವ ತನ್ನ ಮಂದಿಯ ಕತೆ ಹೇಳುತ್ತಿದ್ದಳು. ತಿಳಿಯದ್ದನ್ನು ನೀಲಗಂಗವ್ವ ಸಂಜೆ ಮಗಳಿಗೆ ಫೋನಿನಲ್ಲಿ ಕೇಳಿ ಕೂಡಿಸಿಕೊಳ್ಳುತ್ತಿದ್ದಳು. ನೂರಾ ನಲವತ್ತು ವರ್ಷದ ಹತ್ತಿರ ಹತ್ತಿರ ಆಯಿತು, ಇವರು ಇಂಡಿಯನ್ನರು, ಅಂದರೆ ಆ ನೆಲದ ಮೂಲನಿವಾಸಿಗಳು, ಎಂದು ನಾರ್ತ್ ಕ್ಯಾರೊಲಿನಾ ರಾಜ್ಯ ಒಪ್ಪಿ, ಇವರಿಗೇ ಬೇರೆ ಶಾಲೆ ಮಾಡಿತು. ಆಗಿನ ಕಾಲಕ್ಕೆ ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು, ಇವರಿಗೊಂದು. ಆ ಶಾಲೆಗೆ ನೆರವು ಕೊಡಿ ಎಂದು ವಾಷಿಂಗ್ಟನ್ನಿಗೆ ಅರ್ಜಿ ಹಾಕಿದರು. ಕೊಡಲಿಲ್ಲ. ಅಲ್ಲಿಂದ ಶುರುವಾದ ಕೇಳಿಕೆ ನಿಲ್ಲಲೇ ಇಲ್ಲ. ಸಾವಿರದ ಒಂಬೈನೂರ ಐವತ್ತಾರರಲ್ಲಿ ದೊಡ್ಡ ಸರಕಾರ ಒಂದು ಕಾನೂನು ಮಾಡಿ, ನೀವು ಇಂಡಿಯನ್ನರು ಹೌದು ಎಂದಿತು. ಅದೇ ಕಾನೂನಿನಲ್ಲಿ, ಆದರೆ ಉಳಿದ ಬುಡಕಟ್ಟಿನವರಿಗೆ ಸಿಗುವ ಆಸ್ಪತ್ರೆ, ಓದಿನ ಸವಲತ್ತು ನಿಮಗಿಲ್ಲ ಎಂದೂ ಬರೆಯಿತು.

"ಪಂಕ್ತಿಗೆ ಕರದು ಎಲಿ ಹಾಕಿದ್ರು, ಬಡಸಲಿಲ್ಲ" ಎಂದಳು ನೀಲಗಂಗವ್ವ. ಇದನ್ನು ವರ್ನೆಲವ್ವನಿಗೆ ತಿಳಿಸಲು ಸ್ಮಿತಾಳಿಗೆ ಸಾಕುಸಾಕಾಯಿತು. ತಿಳಿದ ಮೇಲೆ ವರ್ನೆಲವ್ವ ಅದನ್ನು ತನ್ನ ಚರ್ಚಿನಲ್ಲೆಲ್ಲ ಹೇಳಿದಳು.

ವರ್ನೆಲವ್ವ ಏಳು ವರ್ಷದವಳಿದ್ದಾಗ ಬಿಳಿಯರೇ ಮೇಲೆನ್ನುವ ಮುಖವಾಡದ ಕ್ಲಾನ್ ಮಂದಿ ಲಂಬೀಗಳನ್ನು ಹೆದರಿಸಲು ಹೊಲವೊಂದರಲ್ಲಿ ಸಭೆ ಕರೆದಿದ್ದರು. ಅವಳ ಅಪ್ಪನೂ ಊರಿನ ನೂರಾರು ಗಂಡಸರೂ ಬಂದೂಕು ಹಿಡಿದು ಅಲ್ಲಿಗೇ ಹೋದರು. "ಅವರ ಹತ್ರ ಇದ್ದದ್ದ ಒಂದು ಬಲ್ಬು. ನಮ್ಮವರು ಅದನ್ನ ಒಡದ್ರು. ಕತ್ತಲಾದ ಕೂಡ್ಲೆ ಆ ಶೂರರು ಕಂಟಿಯೊಳಗ ನುಗ್ಗಿ ಓಡಿದ್ರು ನೋಡು!" ಎಂದು ಆಕೆ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ವಾಷಿಂಗ್ಟನ್ನಿನ ಮಾತು ಬಂದಾಗ ನಗು ಇರುತ್ತಿರಲಿಲ್ಲ. ಅಪ್ಪ ಬದುಕಿರುವವರೆಗೂ ಪ್ರತಿ ಸಲದ ವಿಚಾರಣೆಗೆ ಬಸ್ಸು ಹತ್ತಿ ಹೋದ. ಅವನ ನಂತರ ಇವಳು ಹೋದಳು. ಹಿಂದಿನ ಬೆಂಚಿನಲ್ಲಿ ಕೂತು ಕೇಳಿದಳು. ನೀವು ನೀವೇ ಎನ್ನಲು ಹಳೆಯ ದಾಖಲೆ ತೋರಿಸಿ ಎನ್ನುತ್ತಾರೆ. ಬರೆಯಲು ಕಲಿಯುವ ಅವಕಾಶವೇ ಸಿಗದವರ ಹತ್ತಿರ ದಾಖಲೆ ಎಲ್ಲಿಂದ ಬರಬೇಕು? ಬೇರೆ ಬುಡಕಟ್ಟಿನ ಕೆಲವರೂ ಇವರಿಗೆ ಕೊಡಬೇಡಿ ಎಂದರು. ಜಾತಿ ಸರ್ಟಿಫಿಕೇಟಿಗೆಂದು ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಕಾದು ಕೂತವರನ್ನು ನೀಲಗಂಗವ್ವ ಕಂಡವಳು. ನೂರು ವರ್ಷ ಕಾದವರನ್ನು ಕಂಡಿರಲಿಲ್ಲ.

ಲಸಿಕೆ ಬಂದ ಮೇಲೆ ಮಗಳ ಮನೆಗೆ ಮರಳಿದಳು. ಮರುವರ್ಷ ಸ್ಮಿತಾ, ಶಶಿಕಾಂತ ರಾಲಿಯ ಆಸ್ಪತ್ರೆಗೆ ಬದಲಾದರು. ಆದರೂ ತಿಂಗಳಿಗೊಮ್ಮೆ ವರ್ನೆಲವ್ವನ ಮನೆಗೆ ಹೋಗಿ ಬರುವುದು ತಪ್ಪಲಿಲ್ಲ.

ಇನ್ನು ಪೌರತ್ವದ ಮಾತಿಗೆ ಬರೋಣ. ಗದಗಿನಲ್ಲಿ ಶಾಂತವ್ವನ ಎರಡೂ ಮೊಣಕಾಲು ಸವೆದಿದ್ದವು. ಒಂದಾದ ಮೇಲೆ ಒಂದು ಆಪರೇಶನ್ ಮಾಡಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಆ ಮುದುಕಿಯದು ಒಂದೇ ಹಟ: "ನೀಲಾ ಬಂದು ಬಾಜೂಕ ಕುಂಡ್ರಬೇಕು. ಅಲ್ಲೀತನಕಾ ಯಾರೂ ನನ್ನ ಕಾಲ ಮುಟ್ಟಂಗಿಲ್ಲ." ಎರಡು ಕಾಲು ಎಂದರೆ ವರ್ಷದ ಮಾತು. ಗ್ರೀನ್ ಕಾರ್ಡಿನವರು ಅಷ್ಟು ದಿನ ಹೊರಗಿದ್ದರೆ ಮರಳಿ ಬರುವುದು ಕಷ್ಟ. ಹಿಂದೆ ತಾಯಿಯ ಕೊನೆಗಾಲದಲ್ಲಿ ಎಂಟು ತಿಂಗಳು ಗದಗಿನಲ್ಲಿದ್ದು ಬಂದಾಗ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಬೇರೆ ಕೋಣೆಯಲ್ಲಿ ಕೂರಿಸಿ, ನೀವು ನಿಜಕ್ಕೂ ಇಲ್ಲಿ ಇರುವವರೇ ಎಂದು ಕೇಳಿ ಕೇಳಿ ಕಳಿಸಿದ್ದರು. ಪೌರತ್ವ ಸಿಕ್ಕರೆ ಆ ಹೆದರಿಕೆಯಿಲ್ಲ. ಅಕ್ಕನ ಬಳಿ ಬೇಕಾದಷ್ಟು ದಿನ ಇದ್ದು ಮಗಳ ಬಳಿಗೆ ಬರಬಹುದು. ಎರಡು ಸಾವಿರದ ಇಪ್ಪತ್ತೈದರ ಬೇಸಿಗೆಗೆ ಮುಂಚೆ ಸ್ಮಿತಾ ಅರ್ಜಿ ಹಾಕಿದಳು.

ವಯಸ್ಸಾದವರಿಗೆ ತಮ್ಮ ಭಾಷೆಯಲ್ಲೇ, ದುಭಾಷಿಯ ಮೂಲಕ ಉತ್ತರ ಹೇಳಲು ಅವಕಾಶವಿತ್ತು. ದೇಶದ ಚರಿತ್ರೆ, ಕಾನೂನಿನ ನೂರು ಪ್ರಶ್ನೆ ಕಲಿಯಬೇಕು. ಅದರಲ್ಲಿ ಹತ್ತು ಕೇಳುತ್ತಾರೆ, ಆರು ಸರಿಯಾದರೆ ಪಾಸು. ನೀಲಗಂಗವ್ವ ರೊಟ್ಟಿ ಬಡಿಯುತ್ತ ಕಲಿತಳು.

"ಒಂದು ಬುಡಕಟ್ಟಿನ ಹೆಸರು ಹೇಳವಾ" ಎಂದು ಸ್ಮಿತಾ ಕೇಳಿದರೆ, ತಾಯಿ ರೊಟ್ಟಿ ತಿರುವುತ್ತ, "ಲಂಬೀ" ಎನ್ನುವಳು.

"ಅವ್ವಾ, ಲಂಬೀ ಅನಬ್ಯಾಡ. ಅವರ ಲಿಸ್ಟ್‌ನ್ಯಾಗ ವಾಷಿಂಗ್ಟನ್‌ನವರು ಪೂರಾ ರೆಕಗ್ನೈಸ್ ಮಾಡಿದ ಬುಡಕಟ್ಟು ಅಷ್ಟ ಇರ್ತಾವು. ಚೆರೋಕೀ ಅನ್ನು. ಸೇಫ್."

"ಚೆರೋಕೀ ಅಂದ್ರ ಜಾರ್ಜಿಯಾದಾಗಿಂದ ಓಡಿಸಿದ್ರಲ್ಲ, ಅವರು? ಸುಪ್ರೀಂ ಕೋರ್ಟು ಅವರ ಕಡೆ ಹೇಳಿದ್ರೂ ಸೋಲ್ಜರು ಬಂದು ಹೊಡಕೊಂಡು ಹೋದ್ರಂತ. ವರ್ನೆಲವ್ವ ಹೇಳ್ಯಾಳ. ಪಾಪ, ಅವರೂ ಬಾಳ ಕಷ್ಟಾ ಉಂಡ ಮಂದಿ."

"ಹೂಂ, ಅವರ. ಏನಂತೀ ಹೇಳು ಮತ್ತ?"

"ಆತು ಬಿಡು. ಚೆರೋಕೀ."

ಅಕ್ಟೋಬರಿನ ಕೊನೆಗೆ ಕರೆ ಬಂತು. ದುಭಾಷಿಯಾಗಿ ಬಂದವರು ರಾಲಿ ಕನ್ನಡ ಕೂಟದ ರಾಜಲಕ್ಷ್ಮಿ. ಮೈಸೂರಿನವರು, ಬಹಳ ಶಿಸ್ತು. ಸ್ಮಿತಾ ಹೊರಗೆ ಕೂತಳು. ಒಳಗಿದ್ದ ಅಧಿಕಾರಿ ಮೆತ್ತಗಿನ ದನಿಯ ಗಂಡಸು. ಕುಡಿಯಲು ನೀರು ಬೇಕೇ ಎಂದು ಕೇಳಿ ಶುರುಮಾಡಿದ.

ಮೊದಲ ಅಧ್ಯಕ್ಷ ಯಾರು, ಅಧ್ಯಕ್ಷ ಇರುವುದೆಲ್ಲಿ, ಸ್ವಾತಂತ್ರ್ಯದ ದಿನ ಯಾವುದು, ಧ್ವಜದಲ್ಲಿ ಹದಿಮೂರು ಪಟ್ಟೆ ಏಕೆ ಎಂಬುದಕ್ಕೆಲ್ಲ ಟಣ್ಣನೆ ಹೇಳಿದಳು. ಸಂವಿಧಾನ ಬರೆದ ವರ್ಷ, ಸೆನೆಟರುಗಳ ಅವಧಿ ಎಂಬಲ್ಲೆಲ್ಲ ಎಡವಿದಳು. ಎಡವಿದ್ದು ನಾಲ್ಕಾಯಿತು. ಯುರೋಪಿನವರು ಬರುವ ಮೊದಲು ಇಲ್ಲಿ ಯಾರಿದ್ದರು ಎಂದಾಗ, "ಇಂಡಿಯನ್ ಮಂದಿ. ಈಗೂ ಅದಾರ್ರಿ" ಎಂದಳು. ಅಧಿಕಾರಿ ಮುಗುಳ್ನಕ್ಕು ಸರಿ ಹಾಕಿದ. ಸರಿಯಾದದ್ದು ಐದು. ಉಳಿದದ್ದು ಒಂದೇ ಪ್ರಶ್ನೆ.

ಅಧಿಕಾರಿ ಕೇಳಿದ. ರಾಜಲಕ್ಷ್ಮಿ ಕನ್ನಡದಲ್ಲಿ ಹೇಳಿದರು: "ಅಮೆರಿಕದ ಯಾವುದಾದ್ರೂ ಒಂದು ಇಂಡಿಯನ್ ಬುಡಕಟ್ಟಿನ ಹೆಸರು ಹೇಳ್ಬೇಕಂತೆ ನೀಲಗಂಗಾ ಅವ್ರೇ." ಹೇಳುವಾಗಲೇ ಅವರ ಮುಖದಲ್ಲಿ, ಅಬ್ಬ ಇದು ಸುಲಭ, ಎಂಬ ಸಮಾಧಾನವಿತ್ತು.

ಚೆರೋಕೀ ಎನ್ನಲು ನೀಲಗಂಗವ್ವ ಬಾಯಿ ತೆರೆದಳು. ಆದರೆ ಆ ಪ್ರಶ್ನೆ ಅವಳ ಕಿವಿಗೆ ಪರೀಕ್ಷೆಯ ಪ್ರಶ್ನೆಯಾಗಿ ಬೀಳಲಿಲ್ಲ. ಈ ನೆಲದಲ್ಲಿ ನಿನಗೆ ಯಾರು ಗೊತ್ತು, ಯಾರ ಮನೆಯಲ್ಲಿ ಉಂಡೆ ಎಂದು ಯಾರೋ ಹಿರಿಯರು ಎದುರು ಕೂತು ಕೇಳಿದ ಹಾಗಿತ್ತು. ಊರಲ್ಲಿ ಯಾರಾದರೂ ಹಾಗೆ ಕೇಳಿದಾಗ ಉಣಿಸಿದವರನ್ನು ಬಿಟ್ಟು ಬೇರೆಯವರ ಹೆಸರು ಹೇಳುವುದುಂಟೆ?

"ಲಂಬೀ" ಎಂದಳು.

ಅಧಿಕಾರಿ ತನ್ನ ಮುಂದಿನ ಪಟ್ಟಿಯ ಮೇಲೆ ಬೆರಳಾಡಿಸಿದ. ಎರಡನೆಯ ಸಲವೂ ಆಡಿಸಿದ. "ಆ ಹೆಸರು ಇದರಲ್ಲಿಲ್ಲ. ಬೇರೆ ಯಾವುದಾದರೂ ಗೊತ್ತೇ? ಅವಸರವಿಲ್ಲ" ಎಂದ.

ರಾಜಲಕ್ಷ್ಮಿ ಅದನ್ನು ಕನ್ನಡಕ್ಕೆ ತಂದು, ಅದರ ಬೆನ್ನಿಗೇ ಸಣ್ಣ ದನಿಯಲ್ಲಿ, "ಚೆರೋಕೀ ಅನ್ನಿ, ಚೆರೋಕೀ" ಎಂದುಬಿಟ್ಟರು.

"ಅನುವಾದ ಮಾತ್ರ ಮಾಡಿ ಮೇಡಂ" ಎಂದ ಅಧಿಕಾರಿ. ರಾಜಲಕ್ಷ್ಮಿಯವರ ಕಿವಿ ಕೆಂಪಾಯಿತು.

ನೀಲಗಂಗವ್ವನಿಗೆ ಅಕ್ಕನ ಮೊಣಕಾಲು ಕಣ್ಣ ಮುಂದೆ ಬಂತು. ಹೊರಗೆ ಕೂತ ಮಗಳೂ ನೆನಪಾದಳು. ಆ ಇನ್ನೊಂದು ಹೆಸರು ನಾಲಿಗೆ ತುದಿಯಲ್ಲೇ ಇತ್ತು. ಈಗ ಅದನ್ನು ಹೇಳಿದರೆ ಮೊದಲು ಹೇಳಿದ್ದನ್ನು ತಾನೇ ಅಳಿಸಿದಂತೆ. ಅಷ್ಟು ವರ್ಷ ಬಸ್ಸು ಹತ್ತಿ ಹೋಗಿ ಬರಿಗೈಲಿ ಬಂದವರಿಗೆ ತಾನೂ ಒಬ್ಬಳು ಇಲ್ಲ ಎಂದಂತೆ.

"ಬಾಯಾರ, ಅವರಿಗೆ ಹೇಳ್ರಿ" ಎಂದು ರಾಜಲಕ್ಷ್ಮಿಯವರತ್ತ ತಿರುಗಿದಳು. "ನಾ ಉಂಡದ್ದು ಅವರ ಮನ್ಯಾಗ. ನನ್ನ ಜೀವಾ ಉಳಿಸಿದಾಕಿ ಅವರಾಕಿ. ನಾ ಬ್ಯಾರೆ ಹೆಸರು ಹೇಳಂಗಿಲ್ಲ."

ಅಧಿಕಾರಿ ಪೂರ್ತಿ ಕೇಳಿಸಿಕೊಂಡ. ಗೇಲಿ ಮಾಡಲಿಲ್ಲ. "ಪಟ್ಟಿ ಬರೆಯುವವನು ನಾನಲ್ಲ ಅಮ್ಮ. ಎರಡು ಮೂರು ತಿಂಗಳಲ್ಲಿ ಇನ್ನೊಂದು ಅವಕಾಶ ಸಿಗುತ್ತದೆ" ಎಂದು ಎದ್ದು ಬಾಗಿಲು ತೆರೆದ.

ಗಾಡಿಯಲ್ಲಿ ಸ್ಮಿತಾ ಸ್ಟೀರಿಂಗ್ ಹಿಡಿದು ಅತ್ತೇಬಿಟ್ಟಳು. "ಒಂದ ವರ್ಡ್ ಅವ್ವಾ! ಒಂದ ಒಂದು ವರ್ಡ್! ಗೊತ್ತಿತ್ತು ನಿನಗ!"

"ಗೊತ್ತಿತ್ತು" ಎಂದಳು ತಾಯಿ.

ಗದಗಿಗೆ ಫೋನ್ ಹೋಯಿತು. ಶಾಂತವ್ವ ಮೊದಲು ಬಾಯಿಗೆ ಬಂದದ್ದು ಅಂದಳು. "ಹುಚ್ಚೀ, ಯಾರೋ ಲಂಬೀನೋ ಗಿಂಬೀನೋ, ಅವರ ಸಲುವಾಗಿ ನನ್ನ ಕಾಲ ಕಳದೇನ?" ಆಮೇಲೆ ದನಿ ಇಳಿಸಿ ಕೇಳಿದಳು: "ಆ ಜಡ್ಡಿನಾಗ ನಿನ್ನ ಹೆರಳ ಹಾಕಿದಾಕಿ, ಅಕೀನ ಏನು?"

"ಅಕೀನ ಅಕ್ಕಾ."

"ಮದ್ಲ ಹೇಳಬಾರದಾ ಮತ್ತ?" ಎಂದು ಮುದುಕಿ ಗದರಿದಳು. "ಆತು. ಒಂದ ಮೊಣಕಾಲ ನಾ ಸಂಕ್ರಾಂತಿಗೆ ಮಾಡಿಸ್ಕೊತೀನಿ, ಯಾರೂ ಬರೂದು ಬ್ಯಾಡ. ಇನ್ನೊಂದ ನಿನ್ನ ಸಲುವಾಗಿ ಇಟ್ಟಿರ್ತೀನಿ. ಲಗೂನ ಪಾಸ್ ಆಗು."

ನೀಲಗಂಗವ್ವ ಫೋನ್ ಇಟ್ಟು ದೇವರಿಗೆ ದೀಪ ಹಚ್ಚಿದಳು. ಇಂಥ ಅಕ್ಕನನ್ನು ಕೊಟ್ಟೆಯಲ್ಲಪ್ಪ ಎಂದು.

ವರ್ನೆಲವ್ವನಿಗೆ ಹೇಳಕೂಡದೆಂದು ಮಗಳಿಗೆ ಕಟ್ಟಪ್ಪಣೆ ಮಾಡಿದ್ದಳು. ಆದರೂ ಸ್ಮಿತಾ ಫೋನ್ ಮಾಡಿ ಹೇಳಿಬಿಟ್ಟಳು.

"ಅಕಿಗೆ ಫೋನ್ ಕೊಡು" ಎಂದಳು ವರ್ನೆಲವ್ವ. ಕೊಟ್ಟ ಮೇಲೆ, "ಮಿಸ್ ನೀಲಾ, ನಿನ್ನಂಥ ದಡ್ಡೀನ ನಾ ನೋಡಿಲ್ಲ. ನಮ್ಮನ್ನ ನಮ್ಮ ದೇವರು ಮರತಿಲ್ಲ. ನೀ ಫೇಲ್ ಆಗಿ ಅವಗ ನೆನಪ ಮಾಡಿಕೊಡೂದು ಬ್ಯಾಡ. ಮುಂದಿನ ಸಲ ಚೆರೋಕೀ ಅನ್ನು, ನವಾಹೋ ಅನ್ನು, ಬಾಯಿಗೆ ಬಂದದ್ದ ಅನ್ನು. ನನಗ ಮಾತ ಕೊಡು" ಎಂದಳು.

ನೀಲಗಂಗವ್ವ ಮಾತು ಕೊಡಲಿಲ್ಲ. "ಊಟಾ ಆತೇನು?" ಎಂದು ಕೇಳಿದಳು.

ಬೈದವಳು ಸುಮ್ಮನಿದ್ದಳೆ? ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿದಳು. ಮರುವಾರದಿಂದ ರಾಲಿಯ ಮನೆ ಬಾಗಿಲಿಗೆ ಸೊಪ್ಪಿನ ಚೀಲಗಳು ಬರತೊಡಗಿದವು. ರಾಲಿ ಕಡೆ ಕೆಲಸಕ್ಕೆ ಬರುವ ಲಂಬೀ ಮಂದಿ ಯಾರ್ಯಾರೋ, ಹೆಸರೂ ಹೇಳದೆ, ಕಾಲರ್ಡ್ ಸೊಪ್ಪು, ಗೆಣಸು ಇಟ್ಟು ಹೋಗುತ್ತಿದ್ದರು. ಫ್ರಿಜ್ಜಿನ ಬಾಗಿಲು ಹಾಕಲು ಬರದಂತಾಯಿತು. "ಅತ್ತೀ, ಇನ್ನೊಂದ ಸಲ ಫೇಲ್ ಆಗ್ರಿ. ವರ್ಷಾನುಗಟ್ಲೆ ಕಾಯಿಪಲ್ಯಾ ತರೂದು ತಪ್ಪತೈತಿ" ಎಂದ ಶಶಿಕಾಂತ. ಸ್ಮಿತಾಳಿಗೂ ನಗು ಬಂತು. ಅವತ್ತಿಗೆ ಅವಳ ಸಿಟ್ಟು ಇಳಿಯಿತು.

ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸಂಸತ್ತಿನ ಎರಡೂ ಸಭೆಗಳಲ್ಲಿ, ಸೈನ್ಯದ ಖರ್ಚಿನ ದೊಡ್ಡ ಮಸೂದೆಯ ಒಳಗೆ ಸೇರಿಸಿ, ಲಂಬೀ ಜನರಿಗೆ ಪೂರ್ಣ ಮಾನ್ಯತೆ ಕೊಡುವ ಕಾನೂನು ಪಾಸಾಯಿತು. ಅದಕ್ಕೆ ಅಧ್ಯಕ್ಷರ ಸಹಿ ಬೀಳುವ ದಿನ ಬರಬೇಕೆಂದು ವರ್ನೆಲವ್ವ ಕರೆದಳು. ಪೆಂಬ್ರೋಕ್ ಎಂಬ ಅವರ ಊರಿನ ಒಂದು ಹಾಲಿನಲ್ಲಿ ಟಿವಿಯ ಮುಂದೆ ಜನ ಕಿಕ್ಕಿರಿದಿದ್ದರು. ಸಹಿಯಾಯಿತು ಎಂದ ಕೂಡಲೇ ಚಾವಣಿ ಹಾರುವಂತೆ ಕೂಗೆದ್ದಿತು. ಮುದುಕರು ಮಕ್ಕಳ ಹಾಗೆ ಕುಣಿದರು. ವರ್ನೆಲವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ನೀಲಗಂಗವ್ವನ ಕೈ ಹಿಡಿದುಕೊಂಡೇ ಇದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಅವಳ ಮನೆತನದ ಸ್ಮಶಾನಕ್ಕೆ ಹೋದರು. ಹತ್ತಿ ಹೊಲದ ಅಂಚಿನಲ್ಲಿ ನಾಲ್ಕು ಸಾಲು ಕಲ್ಲು. ಅಪ್ಪನ ಕಲ್ಲಿನ ಮುಂದೆ ವರ್ನೆಲವ್ವ ಟೊಪ್ಪಿಗೆ ತೆಗೆದು ನಿಂತಳು.

"ಅಪ್ಪಾ, ಕೊಟ್ರು" ಎಂದಳು. ಕಲ್ಲಿನ ಮೇಲಿನ ಒಣ ಎಲೆಗಳನ್ನು ಕೈಯಿಂದ ಸರಿಸಿದಳು. ನೀಲಗಂಗವ್ವ ತಲೆಗೆ ಸೆರಗು ಹೊದ್ದು ಕೈಮುಗಿದಳು. ಆ ಮನುಷ್ಯನನ್ನು ಅವಳು ಕಂಡವಳಲ್ಲ. ಅವನು ಸಾಕಿದ ಮಗಳಿಂದ ತಾನು ಬದುಕಿದವಳು.

ಜನವರಿಯಲ್ಲಿ ಎರಡನೆಯ ಪರೀಕ್ಷೆ. ಈ ಸಲ ಅಧಿಕಾರಿ ಒಬ್ಬಳು ಹುಡುಗಿ, ಬಹಳ ಚುರುಕು. ರಾಜಲಕ್ಷ್ಮಿ ಹೋಗುವ ಮೊದಲೇ, "ನಾನು ಬಾಯಿ ಬಿಡಲ್ಲ ತಾಯಿ, ನಿಮ್ಮ ಪಾಡು ನಿಮ್ದು" ಎಂದುಬಿಟ್ಟಿದ್ದರು. ಮೂರು ತಿಂಗಳು ಕಲಿತಿದ್ದಳು ನೀಲಗಂಗವ್ವ. ಸಂವಿಧಾನದ ವರ್ಷವನ್ನೂ ಬಿಡಲಿಲ್ಲ. ಒಂದಾದ ಮೇಲೊಂದು ಆರಕ್ಕೆ ಆರೂ ಸರಿ. ಹುಡುಗಿ ಪೆನ್ನು ಮುಚ್ಚಿ, "ಸಾಕು, ಪಾಸಾದಿರಿ" ಎಂದಳು.

ನೀಲಗಂಗವ್ವ ಏಳಲಿಲ್ಲ. "ಬುಡಕಟ್ಟಿಂದು ಕೇಳಲಿಲ್ಲಲ್ಲ ಇಕಿ?"

ರಾಜಲಕ್ಷ್ಮಿ ನಿಟ್ಟುಸಿರಿಟ್ಟು ಅದನ್ನೂ ಅನುವಾದಿಸಿದರು. ಆರು ಸರಿಯಾದ ಮೇಲೆ ಕೇಳಬೇಕಿಲ್ಲ ಎಂದಳು ಹುಡುಗಿ.

"ಕೇಳದಿದ್ರ ಏನಾತು? ಹೇಳಿ ಹೋಗ್ತೀನಿ. ಲಂಬೀ" ಎಂದು ಹೇಳಿ ನೀಲಗಂಗವ್ವ ಎದ್ದಳು.

ಫೆಬ್ರವರಿಯಲ್ಲಿ ಪ್ರಮಾಣವಚನ. ವರ್ನೆಲವ್ವ ಚರ್ಚಿಗೆ ಹಾಕುವ ಹಳದಿ ಟೊಪ್ಪಿಗೆ ಹಾಕಿ ಮುಂದಿನ ಸಾಲಿನಲ್ಲೇ ಕೂತಳು. ನೀಲಗಂಗವ್ವ ಇಳಕಲ್ ಸೀರೆಯುಟ್ಟು ಬಲಗೈ ಎತ್ತಿ ನಿಂತಳು. ಎಲ್ಲ ಮುಗಿದು ಹೊರಗೆ ಬಂದಾಗ ಆಕೆ ವರ್ನೆಲವ್ವನ ಎರಡೂ ಕೈ ಹಿಡಿದಳು.

"ಕಾಗದಾ ಅವರು ಕೊಟ್ರು. ಈ ನೆಲದಾಗ ನನಗ ಜಾಗಾ ಕೊಟ್ಟಾಕಿ ನೀ. ನಿನ್ನ ಉಪಕಾರ ನಾ ಹೆಂಗ ಮರೀಲಿ?"

ಸ್ಮಿತಾ ಅದನ್ನು ಹೇಳಿದಳು. ವರ್ನೆಲವ್ವ ಟೊಪ್ಪಿಗೆಯ ಅಂಚು ಹಿಡಿದು ಕಣ್ಣು ಮರೆಮಾಡಿಕೊಂಡಳು. ಆಮೇಲೆ ಮಾಮೂಲಿನ ದನಿಯಲ್ಲೇ, "ಹೋಗ ಹೋಗ. ವಾಷಿಂಗ್ಟನ್ನಿನವರ ಲೆಕ್ಕದಾಗ ನಾನೂ ಈಗಷ್ಟ ಬಂದಾಕಿ. ನಿನಗಿಂತ ಎರಡ ತಿಂಗಳ ಹಿರೀಕಿ, ಅಷ್ಟ" ಎಂದಳು.

ಅವತ್ತು ಮನೆಯಲ್ಲಿ ಊಟವಾದ ಮೇಲೆ ಸ್ಮಿತಾ ಕಂಪ್ಯೂಟರ್ ತೆಗೆದು ಟಿಕೆಟ್ ನೋಡತೊಡಗಿದಳು. ಶಾಂತವ್ವ ಆಪರೇಶನ್ ಆದ ಒಂದು ಕಾಲಿನ ಬಲದಲ್ಲಿ ವಾಕರ್ ಹಿಡಿದು ಪಡಸಾಲೆಯಲ್ಲಿ ಓಡಾಡುತ್ತ, ದಿನಾ ಫೋನಿನಲ್ಲಿ ಜಂಬ ಕೊಚ್ಚುತ್ತಿದ್ದಳು.

"ಪಾಸ್‌ಪೋರ್ಟ್, ವೀಸಾ ಎಲ್ಲಾ ಬರೂದ್ರಾಗ ಏಪ್ರಿಲ್ ಆಗತೈತಿ" ಎಂದಳು ಸ್ಮಿತಾ. "ಹೋಗೂದು ಹಾಕಿದೆ ಅವ್ವಾ. ವಾಪಸ್ ಬರೂದು ಯಾವ ಡೇಟ್ ಹಾಕ್ಲಿ?"

ನೀಲಗಂಗವ್ವ ವರ್ನೆಲವ್ವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಳು.

"ಡೇಟ್ ಹಾಕಬ್ಯಾಡ" ಎಂದಳು. "ಅಕ್ಕ ಎರಡೂ ಕಾಲ ಮ್ಯಾಲೆ ನಿಂತು, ಹೋಗಿ ಬಾ ಅನ್ನಲಿ. ಆವಾಗ ಹಾಕಿದ್ರಾತು."